ಅಪ್ಪಯ್ಯನ ಎಪ್ಪತ್ತು, ಪಕ್ಕದ ಟೇಬಲ್ಲಿನ ಕೇಕು

ಸಿಟ್ಟು ಇಳಿದ್ಮೇಲೆ ಬರೆಯೋಣ ಅಂತ ಮೂರು ವಾರ ಕಾದೆ. ಇಳೀತಾ ಇಲ್ಲ, ಅದಕ್ಕೆ ಇವತ್ತು ಕೂತಿದೀನಿ. ಹೋಟ್ಲ ಹೆಸರು ಹಾಕಲ್ಲ, ಯಾರೂ ಕೇಳ್ಬೇಡಿ. ಬೆಂಗಳೂರಲ್ಲಿ ಒಂದು ರೂಫ್‌ಟಾಪು ಅಂದ್ಕೊಳ್ಳಿ ಸಾಕು, ಅಂಥವು ಈಗ ರೋಡಿಗೆರಡಿವೆ, ಗಿಡ ನೇತಾಕಿ, ಹಳದಿ ಬಲ್ಬು ಹಾಕಿ, ಗೋಡೆಗೆ ಹಿತ್ತಾಳೆ ತಂಬಿಗೆ ಅಂಟಿಸಿ, ತಂಬಿಗೇಲಿ ನೀರು ಮಾತ್ರ ಕೊಡದೇ ಇರೋಂಥವು.

ವಿಷಯ ಏನಂದ್ರೆ ನಮ್ಮ ಅಪ್ಪಯ್ಯಂಗೆ ಎಪ್ಪತ್ತಾಯ್ತು. ಊರಲ್ಲಿ ಭೀಮರಥ ಶಾಂತಿ ಮಾಡ್ಸಿ ಒಂದು ನೂರು ಜನಕ್ಕೆ ಊಟ ಹಾಕ್ಸೋಣ ಅಂತ ನಾನು, ತಮ್ಮ ಇಬ್ರೂ ಹೇಳಿದ್ವಿ. "ಎಂತಕ್ಕೆ ಮಾರಾಯ್ತಿ ಅದೆಲ್ಲ, ದೇವಸ್ಥಾನಕ್ಕೆ ಒಂದು ಪೂಜೆ ಕೊಟ್ರೆ ಸಾಕು" ಅಂದ್ಬಿಟ್ರು. ಸರಿ ನಿಮಗೆ ಏನು ಬೇಕು ಹೇಳಿ ಅಂದ್ರೆ, ಗಾಂಧಿಬಜಾರಿಗೆ ಹೋಗಿ ವಿದ್ಯಾರ್ಥಿ ಭವನದಲ್ಲಿ ಒಂದು ಮಸಾಲೆ ದೋಸೆ ತಿಂದು ಬರೋಣ ಅಂದ್ರು. 1943ರ ಹೋಟ್ಲು ಅದು, ಅಪ್ಪಯ್ಯಂಗಿಂತ ಹನ್ನೆರಡು ವರ್ಷ ದೊಡ್ಡದು. ಅಲ್ಲಿ ಒಂದೇ ಕೈ ಮೇಲೆ ದೋಸೆ ತಟ್ಟೆ ಸಾಲಾಗಿ ಪೇರಿಸ್ಕೊಂಡು ಬರೋ ಸಪ್ಲೈಯರ್‌ನ ನೋಡೋದೇ ಅವರಿಗೆ ಅರ್ಧ ತಿಂಡಿ ತಿಂದಂಗೆ, ಎಷ್ಟು ತಟ್ಟೆ ಇದೆ ಅಂತ ಎಣಿಸ್ತಾರೆ ಬೇರೆ. ನಾವು ಒಪ್ಪಲಿಲ್ಲ. ಎಪ್ಪತ್ತು ವರ್ಷಕ್ಕೆ ದೋಸೆನಾ, ಅದೂ ಶನಿವಾರ ಸಾಯಂಕಾಲ ಹೊರಗಡೆ ಹೆಸರು ಬರೆಸಿ ಕಾಯ್ಕೊಂಡು ನಿಂತ್ಕೊಂಡಾ ಅಂತ. (ಈ ಮಾತು ನೆನಪಲ್ಲಿಟ್ಕೊಳ್ಳಿ.)

ಅಪ್ಪಯ್ಯನ ಬಗ್ಗೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಅವರು ಕುಂದಾಪುರದ ಕಡೆಯೋರು. 1968ರಲ್ಲಿ, ಹದಿಮೂರು ವರ್ಷಕ್ಕೆ, ದೂರದ ನೆಂಟರ ಜೊತೆ ಘಟ್ಟ ಹತ್ತಿ ಬೆಂಗಳೂರಿಗೆ ಬಂದು ಮೆಜೆಸ್ಟಿಕ್ ಹತ್ರದ ಒಂದು ಹೋಟ್ಲಿಗೆ ಸೇರಿದ್ರು. ಆಗ ನಮ್ಮ ಕಡೆ ಅದೇನು ದೊಡ್ಡ ಸಂಗತಿ ಅಲ್ಲ, ಮನೇಲಿ ನಾಲ್ಕು ಗಂಡು ಮಕ್ಕಳಿದ್ರೆ ಒಬ್ಬ ಬೆಂಗಳೂರಿಗೋ ಬೊಂಬಾಯಿಗೋ ಮಾಣಿಯಾಗಿ ಹೋಗೋದೇ. ಮೊದಲು ಟೇಬಲ್ ಒರೆಸೋದು, ಆಮೇಲೆ ಸಪ್ಲೈಯರ್ರು, ರಾತ್ರಿ ಶಾಲೇಲಿ ಎಸ್ಸೆಸ್ಸೆಲ್ಸಿ, ಆಮೇಲೆ ಗಲ್ಲಾ. ಕೊನೆಗೆ ಪೀಣ್ಯದಲ್ಲಿ ಒಂದು ಫ್ಯಾಕ್ಟರಿ ಕ್ಯಾಂಟೀನ್ ಕಾಂಟ್ರಾಕ್ಟ್ ಹಿಡಿದು ನಮ್ಮಿಬ್ರನ್ನೂ ಇಂಜಿನಿಯರಿಂಗ್ ಓದಿಸಿದ್ರು. ಅಂದ್ರೆ ಈ ಮನುಷ್ಯ ಜೀವನ ಪೂರ್ತಿ ಇನ್ನೊಬ್ರಿಗೆ ಬಡಿಸಿದೋರು, ಒಂದು ದಿನ ಅವರು ಕೂತ್ಕೊಂಡು ಇನ್ನೊಬ್ರ ಕೈಲಿ ಬಡಿಸಿಕೊಳ್ಳಲಿ, ಅದೂ ಬಟ್ಟೆ ನ್ಯಾಪ್‌ಕಿನ್ ಇರೋ ಜಾಗದಲ್ಲಿ, ಅನ್ನೋದು ನನ್ನ ಆಸೆ. ಆಸೆ ತಪ್ಪಲ್ಲ, ಆರಿಸಿದ ಜಾಗ ತಪ್ಪು.

ಒಂಬತ್ತು ಜನ ನಾವು. ಅಪ್ಪಯ್ಯ, ಅಮ್ಮ, ಚಿಕ್ಕಮ್ಮ, ನಾನು, ನಮ್ಮನೆಯವರು, ಮಗಳು, ತಮ್ಮ, ಅವನ ಹೆಂಡ್ತಿ, ಅವರ ಐದು ವರ್ಷದ ಪುಟ್ಟ. ಪ್ಯೂರ್ ವೆಜ್ ಜಾಗ. ನಾಲ್ಕು ದಿನ ಮುಂಚೆನೇ ಫೋನ್ ಮಾಡಿ ಏಳೂವರೆಗೆ ಟೇಬಲ್ ಹೇಳಿದ್ದೆ, ಎಪ್ಪತ್ತು ವರ್ಷದ ಬರ್ತ್‌ಡೇ, ವಯಸ್ಸಾದೋರು ಮೂರು ಜನ ಬರ್ತಾರೆ, ಗಾಳಿ ಜಾಸ್ತಿ ಬರದೇ ಇರೋ ಕಡೆ ಕೊಡಿ ಅಂತ. "ಶೂರ್ ಮ್ಯಾಮ್, ಶೂರ್ ಮ್ಯಾಮ್." ಆದ್ರೆ ಲಿಫ್ಟು ನಾಲ್ಕನೇ ಫ್ಲೋರ್ ತನಕ ಮಾತ್ರ, ಅಲ್ಲಿಂದ ಮೇಲಕ್ಕೆ ಹದಿನೆಂಟು ಮೆಟ್ಲು ಹತ್ತಬೇಕು ಅಂತ ಆ ಶೂರ್ ಮ್ಯಾಮ್ ಹೇಳಲೇ ಇಲ್ಲ. ಅಮ್ಮನ ಮಂಡಿ ನೋವು ಏನು ಅಂತ ನಮಗೆ ಗೊತ್ತು. ಒಂದೊಂದು ಮೆಟ್ಲಿಗೂ ನಿಂತ್ಕೊಂಡು, ಕಂಬಿ ಹಿಡ್ಕೊಂಡು, "ಪರವಾಗಿಲ್ಲ ಬಿಡು" ಅಂತ ನಮಗೇ ಸಮಾಧಾನ ಹೇಳ್ಕೊಂಡು ಹತ್ತಿದ್ರು. ಹತ್ತಿದ್ಮೇಲೆ ಬಾಗಿಲಲ್ಲಿ ಟ್ಯಾಬ್ ಹಿಡ್ಕೊಂಡಿದ್ದ ಹುಡುಗಿ ನಕ್ಕೊಂಡು "ಟೂ ಮಿನಿಟ್ಸ್" ಅಂದ್ಳು. ನಲವತ್ತೈದು ನಿಮಿಷ. ಕೂರೋಕೆ ಅಲ್ಲಿದ್ದಿದ್ದು ಬಾರ್ ಸ್ಟೂಲ್ ಥರದ್ದು ಮೂರು, ಅಮ್ಮ ಹತ್ತಿದ್ರೆ ಇಳಿಯೋಕಾಗಲ್ಲ, ಹತ್ತದಿದ್ರೆ ನಿಲ್ಲೋಕಾಗಲ್ಲ. ಕೊನೆಗೆ ಅಪ್ಪಯ್ಯನೇ ಒಳಗೆ ಹೋಗಿ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದ್ರು, ಬರ್ತ್‌ಡೇ ಅವರದ್ದು, ಕುರ್ಚಿ ಹೊತ್ತಿದ್ದೂ ಅವರೇ.

ಎಂಟೂಕಾಲಿಗೆ ಟೇಬಲ್ ಸಿಕ್ತು. ಸಿಕ್ಕಿದ್ದು ಎಲ್ಲಿ ಅಂದ್ರೆ ಕಿಚನ್ ಬಾಗಿಲಿಗೂ ಕೈ ತೊಳಿಯೋ ಜಾಗಕ್ಕೂ ಮಧ್ಯೆ, ಬೇರೆ ಬೇರೆ ಎತ್ತರದ ಎರಡು ಟೇಬಲ್ ಸೇರಿಸಿ. ಒಂದು ಕಡೆಯಿಂದ ಎಣ್ಣೆ ಹೊಗೆ, ಇನ್ನೊಂದು ಕಡೆಯಿಂದ ಹ್ಯಾಂಡ್ ಡ್ರೈಯರ್ ಸದ್ದು. ಬೇರೆ ಇಲ್ವಾ ಅಂದ್ರೆ "ಫುಲ್ ಮ್ಯಾಮ್" ಅಂದ್ರು, ಎದುರಿಗೇ ಎರಡು ಟೇಬಲ್ ಖಾಲಿ ಕಾಣ್ತಾ ಇತ್ತು, ಮೇಲೆ ರಿಸರ್ವ್ಡ್ ಬೋರ್ಡು, ನಾವು ಎದ್ದು ಹೋಗೋ ತನಕ ಒಂದಕ್ಕೆ ಯಾರೂ ಬರಲೇ ಇಲ್ಲ.

ಮೆನು ಕೇಳಿದ್ರೆ ಟೇಬಲ್ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡ್ ತೋರಿಸಿದ್ರು. ನಾವೇನೋ ಸ್ಕ್ಯಾನ್ ಮಾಡ್ಕೊಂಡ್ವಿ, ಅಪ್ಪಯ್ಯ ಕನ್ನಡಕ ಹಾಕ್ಕೊಂಡು ಫೋನ್ ದೂರ ಹಿಡಿದು ಹತ್ರ ಹಿಡಿದು ನೋಡಿ "ಇದ್ರಲ್ಲಿ ರೇಟ್ ಮಾತ್ರ ಸಮಾ ಕಾಣ್ತು" ಅಂತ ನನ್ನ ಕೈಗೇ ಕೊಟ್ರು. ಪ್ರಿಂಟ್ ಇರೋದು ಕೊಡಿ ಅಂತ ಎರಡು ಸಲ ಕೇಳಿದ್ಮೇಲೆ ಒಂಬತ್ತು ಜನಕ್ಕೆ ಒಂದು ಬಂತು, ಅದರ ಮೇಲೆ ಯಾರದ್ದೋ ಗ್ರೇವಿ. ನೀರು? ನೀರು ಇನ್ನೂ ಬಂದಿಲ್ಲ.

ಈ ನೀರಿನ ವಿಷಯಕ್ಕೆ ಅಪ್ಪಯ್ಯ ಮೊದಲನೇ ಸಲ ಬಾಯಿ ಬಿಟ್ರು. ಅವರ ಹೋಟ್ಲಲ್ಲಿ ಹೊಸ ಹುಡುಗಂಗೆ ಮೊದಲನೇ ದಿನ ಹೇಳಿಕೊಡ್ತಿದ್ದಿದ್ದು ಇದೊಂದೇ ಅಂತೆ: ಗಿರಾಕಿ ಕೂತ ಕೂಡ್ಲೇ ನೀರಿನ ಲೋಟ ಇಡು, ಮಾತು ಆಮೇಲೆ. "ನೀರ್ ಇಟ್ರೆ ಹತ್ತ್ ನಿಮಿಷ ಸುಮ್ನೆ ಕೂಕಂತ್ರ್ ಕಾಣ್. ನೀರ್ ಇಡ್ಲಿಲ್ಲ ಅಂದ್ರೆ ಎರಡನೇ ನಿಮಿಷಕ್ಕೇ ಗಡಿಯಾರ ಕಾಂತ್ರ್." ನಾನು ಆಗ ವಾಚ್ ನೋಡ್ತಾ ಇದ್ದೆ, ಎಂಟೂ ಮೂವತ್ತೆರಡು.

ನಮ್ಮ ಟೇಬಲ್‌ಗೆ ಬಂದಿದ್ದು ಒಬ್ಬ ಹುಡುಗ. ಹತ್ತೊಂಬತ್ತು ಇರಬಹುದು, ಶರ್ಟು ಎರಡು ಸೈಜ್ ದೊಡ್ಡದು. ಆರ್ಡರ್ ಬರ್ಕೊಳ್ಳೋಕೆ ಅವನ ಕೈಲಿ ಒಂದು ಟ್ಯಾಬು, ಅದು ಪದೇ ಪದೇ ಹ್ಯಾಂಗ್ ಆಗ್ತಿತ್ತು, ಅವನು ಬೆವರ್ತಿದ್ದ. ಅಮ್ಮಂಗೆ ಶ್ರಾವಣ ಶನಿವಾರ ಒಪ್ಪತ್ತು, ರಾತ್ರಿ ಅನ್ನ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಇದನ್ನ ಹಿಂದೀಲಿ ಮೂರು ಥರ ಹೇಳಿದೆ, ಅವನು ಮೂರು ಸಲಾನೂ ತಲೆ ಆಡಿಸಿದ. (ಬಂದಿದ್ದು ಈರುಳ್ಳಿ ಚಕ್ರ ಚಕ್ರವಾಗಿ ಅಲಂಕಾರ ಮಾಡಿದ್ದ ತಟ್ಟೆ. ಅಮ್ಮ ಬರೀ ಒಣ ಚಪಾತಿ, ಮೊಸರು ತಿಂದ್ರು.) ಅಪ್ಪಯ್ಯ ಮೆನುವಿನಲ್ಲಿ ಬೆರಳಿಟ್ಟು ಒಂದು ಕಡೆ ನಿಂತ್ರು. ಏನು ಅಂತ ನೋಡಿದ್ರೆ ಪತ್ರೊಡೆ! "ಮ್ಯಾಂಗಲೋರಿಯನ್ ಪತ್ರೊಡೆ ಬೈಟ್ಸ್ ವಿತ್ ಚಿಪೋಟ್ಲೆ ಮೇಯೋ", 365 ರೂಪಾಯಿ. ಮಳೆಗಾಲದಲ್ಲಿ ಊರಲ್ಲಿ ಬಾವಿಕಟ್ಟೆ ಹತ್ರ ತಾನಾಗೇ ಬೆಳೆಯೋ ಕೆಸುವಿನ ಎಲೆಗೆ ಅಕ್ಕಿ ಮಸಾಲೆ ಬಳಿದು ಸುತ್ತಿ ಬೇಯಿಸೋದಕ್ಕೆ 365 ಅಂತ ಚಿಕ್ಕಮ್ಮ ಒಂದು ನಿಮಿಷ ಮಾತೇ ಆಡಲಿಲ್ಲ. ಅಪ್ಪಯ್ಯಂಗೆ ಮಾತ್ರ ಅದೇ ಬೇಕು. "ಹೆಂಗೆ ಮಾಡ್ತ್ರ್ ಕಾಂಬ."

ಇಲ್ಲಿಂದ ಮುಂದೆ ಒಂದು ಗಂಟೆ ಏನಾಯ್ತು ಅಂತ ಕ್ರಮವಾಗಿ ಬರೆಯೋಕೆ ನನ್ನ ಕೈಲಿ ಆಗಲ್ಲ, ಯಾಕಂದ್ರೆ ಅಲ್ಲಿ ಕ್ರಮ ಅನ್ನೋದೇ ಇರಲಿಲ್ಲ, ಮೊದಲು ಬಂದಿದ್ದು ರೋಟಿ, ಪಲ್ಯ ಇಲ್ಲದೆ ರೋಟಿ, ಅದು ಆರಿ ಚಕ್ಕಳ ಆಗೋ ಹೊತ್ತಿಗೆ ಜೀರಾ ರೈಸು, ಆಮೇಲೆ ಪಕ್ಕದವರ ಸೂಪು ನಮಗೆ ಇಟ್ಟು ವಾಪಸ್ ತಗೊಂಡು ಹೋದ್ರು, ತಮ್ಮ ಆಗಲೇ ಒಂದು ಸ್ಪೂನ್ ಕುಡಿದಿದ್ದ, ಅದನ್ನ ಹಂಗೇ ಆ ಟೇಬಲ್‌ಗೆ ಇಟ್ರೋ ಬದಲಾಯಿಸಿದ್ರೋ ದೇವರಿಗೇ ಗೊತ್ತು, ಪುಟ್ಟಂಗೆ ಹೇಳಿದ್ದ ನೂಡಲ್ಸ್ ಬರೋ ಹೊತ್ತಿಗೆ ಪುಟ್ಟ ಅಮ್ಮನ ತೊಡೆ ಮೇಲೆ ಮಲಗಿ ನಿದ್ದೆ. ಸ್ಟಾರ್ಟರ್ ಅಂತ ಹೇಳಿದ್ದ ಪನೀರ್ ಟಿಕ್ಕಾ ಬಂದಿದ್ದು ಊಟ ಮುಗೀತಾ ಬಂದಾಗ. ಮಶ್ರೂಮ್ ಬರಲೇ ಇಲ್ಲ. ಪತ್ರೊಡೆನೂ ಬರಲಿಲ್ಲ. ಎಂಟು ಜನದ ತಟ್ಟೇಲಿ ಏನೋ ಒಂದಿದೆ, ಯಾರ ಹುಟ್ಟಿದ ಹಬ್ಬಕ್ಕೆ ಬಂದಿದೀವೋ ಅವರ ತಟ್ಟೇಲಿ ಅರ್ಧ ರೋಟಿ, ಒಂದು ಉಪ್ಪಿನಕಾಯಿ ಹೋಳು.

ನಾನು ನಾಲ್ಕು ಸಲ ಕೇಳಿದೆ. ನಾಲ್ಕೂ ಸಲ "ಕಮಿಂಗ್ ಮ್ಯಾಮ್". ಐದನೇ ಸಲ ನನ್ನ ದನಿ ಏರ್ತು, ಆ ಹುಡುಗನ ಮುಖ ನೋಡಿದ್ರೆ ಈಗ ಅಳ್ತಾನೋ ಆಮೇಲೆ ಅಳ್ತಾನೋ ಅನ್ನೋ ಹಂಗಿತ್ತು, ಅಪ್ಪಯ್ಯ ನನ್ನ ಮೊಣಕೈ ಒತ್ತಿ ಸುಮ್ಮನಾಗಿಸಿ ತಮ್ಮ ಹೋಟ್ಲು ಹಿಂದೀಲಿ ಅವನನ್ನ ಮಾತಾಡಿಸಿದ್ರು. ಎಲ್ಲಿಯೋನು, ಒಡಿಶಾ, ಬಾಲೇಶ್ವರ. ಬಂದು ಎಷ್ಟು ದಿನ, ಹನ್ನೆರಡು ದಿನ. ಎಷ್ಟು ಟೇಬಲ್ ನೋಡ್ತೀಯ, ಒಂಬತ್ತು. ಊಟ ಆಯ್ತಾ, ಇಲ್ಲ, ಕ್ಲೋಸಿಂಗ್ ಆದ್ಮೇಲೆ.

ಅವನು ಹೋದ್ಮೇಲೆ ಅಪ್ಪಯ್ಯ ಕಿಚನ್ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದ್ರು. ನಮ್ಮದು ಕೆಟ್ಟ ಟೇಬಲ್ಲು ಅಂದ್ನಲ್ಲ, ಅಲ್ಲಿಂದ ಒಂದು ಮಾತ್ರ ಚೆನ್ನಾಗಿ ಕಾಣ್ತಿತ್ತು, ಒಳಗಿನ ಕಟ್ಟೆ. ಅದರ ಮೇಲೆ ಏಳೆಂಟು ತಟ್ಟೆ ರೆಡಿಯಾಗಿ ಕೂತಿವೆ. ಅಡುಗೆಯವನು ಗಂಟೆ ಹೊಡೀತಿದಾನೆ. ಎತ್ಕೊಂಡು ಹೋಗೋರಿಲ್ಲ. ಒಬ್ಬ ಬರ್ತಾನೆ, ತಟ್ಟೆ ನೋಡ್ತಾನೆ, ಯಾವ ಟೇಬಲ್‌ದು ಅಂತ ಗೊತ್ತಾಗದೆ ಚೀಟಿ ಹುಡುಕ್ತಾನೆ, ಚೀಟಿ ಗಾಳಿಗೆ ಹಾರಿ ಕೆಳಗೆ ಬಿದ್ದಿದೆ. ಕಪ್ಪು ಶರ್ಟಿನ ಮ್ಯಾನೇಜರು ಕಿವೀಲಿ ವೈರ್ ಸಿಗಿಸ್ಕೊಂಡು ಬಾಗಿಲಲ್ಲಿ ಹೊಸ ಗಿರಾಕಿಗಳನ್ನ ಒಳಗೆ ಕರೀತಾನೇ ಇದಾನೆ.

"ಅಡುಗೆ ಆಯ್ತ್, ಬಡ್ಸೂಕ್ ಜನ ಇಲ್ಲ. ಆ ಮಾಣಿಗೆ ಬೈದ್ರೆ ಎಂತ ಸಿಕ್ಕತ್ತು ನಿಂಗೆ?" ಅಂದ್ರು. ಅವರ ಕಾಲದಲ್ಲಿ ಸಪ್ಲೈಯರ್ರು ಏನೂ ಬರ್ಕೋತಿರಲಿಲ್ಲ. ಕಿಟಕಿ ಹತ್ರ ಹೋಗಿ "ಎರಡ್ ಮಸಾಲೆ, ಒಂದ್ ಖಾಲಿ, ಒಂದ್ ಪ್ಲೇಟ್ ಇಡ್ಲಿ" ಅಂತ ಕೂಗಿದ್ರೆ ಒಳಗಿನವನೂ ಅದನ್ನೇ ತಿರುಗಿ ಕೂಗ್ಬೇಕು, ಕೂಗಲಿಲ್ಲ ಅಂದ್ರೆ ಕೇಳಿಸಿಲ್ಲ ಅಂತ ಅರ್ಥ. ಯಾರು ಮೊದಲು ಕೂತ್ರು, ಯಾರಿಗೆ ಕಾಫಿ ಬಾಕಿ, ಯಾರು ಬೈಟು ಅಂದ್ರು, ಎಲ್ಲ ತಲೇಲೇ. ಐದು ಟೇಬಲ್‌ಗಿಂತ ಜಾಸ್ತಿ ಒಬ್ಬಂಗೆ ಕೊಡ್ತಿರಲಿಲ್ಲ, ಸಾಯಂಕಾಲದ ರಶ್ ಶುರುವಾಗೋ ಮುಂಚೆ ಹುಡುಗರಿಗೆ ತಿಂಡಿ ಆಗ್ಲೇಬೇಕಿತ್ತು. ಇದು ಧಣಿಗಳ ದೊಡ್ಡ ಮನಸ್ಸು ಅಂತೇನಲ್ಲ, ಹಸ್ಕೊಂಡಿರೋ ಹುಡುಗ ತಟ್ಟೆ ಬೀಳಿಸ್ತಾನೆ ಅನ್ನೋ ಲೆಕ್ಕ ಅಷ್ಟೇ. ಹಂಗಂತ ಆ ಕಾಲ ಬಂಗಾರ ಅಂತಾನೂ ಅಪ್ಪಯ್ಯ ಯಾವತ್ತೂ ಹೇಳಲ್ಲ, ರಾತ್ರಿ ಅದೇ ಟೇಬಲ್‌ಗಳನ್ನ ಜೋಡಿಸಿ ಅದರ ಮೇಲೇ ಮಲಗ್ತಿದ್ರು, ಲೋಟ ಒಡೆದ್ರೆ ಸಂಬಳದಲ್ಲಿ ಮುರ್ಕೋತಿದ್ರು.

ಇನ್ನು ಕೇಕು. ಬರೋವಾಗ ಮನೆ ಹತ್ರದ ಅಯ್ಯಂಗಾರ್ ಬೇಕರಿಯಿಂದ ಎಗ್‌ಲೆಸ್ ಪೈನಾಪಲ್ ಕೇಕ್ ತಂದು, ಏಳು, ಸೊನ್ನೆ ಎರಡು ಕ್ಯಾಂಡಲ್ ಡಬ್ಬಿ ಮೇಲೇ ಟೇಪ್ ಹಾಕಿ ಅಂಟಿಸಿ, ಬಾಗಿಲಲ್ಲಿದ್ದ ಹುಡುಗಿ ಕೈಗೆ ಕೊಟ್ಟು ಊಟ ಆದ್ಮೇಲೆ ತರ್ಸಿ ಅಂದಿದ್ದೆ. ಹತ್ತು ಗಂಟೆಗೆ ಇದ್ದಕ್ಕಿದ್ದಂಗೆ ಲೈಟ್ ಡಿಮ್ ಆಯ್ತು, ಮ್ಯೂಸಿಕ್ ಬಂತು, ನಾಲ್ಕು ಜನ ಚಪ್ಪಾಳೆ ತಟ್ಕೊಂಡು ಕೇಕ್ ಹಿಡ್ಕೊಂಡು ಹೊರಟ್ರು, ನಾವೆಲ್ಲ ಫೋನ್ ತೆಗೆದು ವಿಡಿಯೋ ಆನ್ ಮಾಡಿದ್ವಿ, ಅಪ್ಪಯ್ಯ ನಾಚ್ಕೊಂಡು ಶರ್ಟ್ ಸರಿ ಮಾಡ್ಕೊಂಡ್ರು. ಕೇಕು ನಮ್ಮನ್ನ ದಾಟಿ ಮುಂದೆ ಹೋಯ್ತು.

ಹೋಗಿ ಪಕ್ಕದ ಟೇಬಲ್‌ನ ಹುಡುಗ ಹುಡುಗಿ ಮುಂದೆ ಕೂತ್ಕೊಂಡ್ತು. ಇಬ್ರಿಗೂ ಇಪ್ಪತ್ತೈದು ದಾಟಿರಲ್ಲ. ಮುಂದೆ ಎಪ್ಪತ್ತು ಅಂತ ಕ್ಯಾಂಡಲ್ ಉರೀತಿದೆ. ನಾಲ್ಕು ಜನ "ಹ್ಯಾಪಿ ಬರ್ತ್‌ಡೇ ಟು ಯೂ" ಪೂರ್ತಿ ಹಾಡಿದ್ರು ಕಣ್ರೀ, ಒಬ್ಬನಾದ್ರೂ ಆ ನಂಬರ್ ನೋಡ್ಬಾರದಾ? ನನ್ನ ಫೋನಲ್ಲಿ ಈಗಲೂ ಆ ವಿಡಿಯೋ ಇದೆ, ಮೊದಲು ಕೇಕು, ಆಮೇಲೆ ಕೇಕಿನ ಬೆನ್ನು, ಆಮೇಲೆ ನನ್ನ ಮಗಳ ದನಿ, "ಅಮ್ಮಾ ಅದು ಅಜ್ಜಂದಲ್ವಾ". ಆ ಹುಡುಗಿ ನಗು ತಡ್ಕೊಳ್ಳೋಕಾಗದೆ, ಕ್ಯಾಂಡಲ್ ಆರಿಸದೆ, ಒಂದು ಕೈ ಅಡ್ಡ ಹಿಡ್ಕೊಂಡು ಕೇಕ್ ತಾನೇ ಎತ್ಕೊಂಡು ಬಂದು ಅಪ್ಪಯ್ಯನ ಮುಂದಿಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದ್ಳು. ಇಡೀ ರಾತ್ರಿ ನಮಗೆ ಸರಿಯಾಗಿ ಬಡಿಸಿದೋಳು ಅಂದ್ರೆ ಅವಳೊಬ್ಬಳೇ, ಅವಳಿಗೆ ಸಂಬಳನೂ ಇಲ್ಲ. ಚಾಕು ಬರೋಕೆ ಇನ್ನೂ ಎಂಟು ನಿಮಿಷ ಆಯ್ತು, ಏಳರ ಮೇಣ ಕರಗಿ ಪೈನಾಪಲ್ ಮೇಲೆಲ್ಲ ಹರಿದಿತ್ತು.

ಕೇಕ್ ತಿಂದು ಮುಗಿಸೋವಾಗ ಪತ್ರೊಡೆ ಬಂತು. ಆರು ತುಂಡು, ಮೇಲೆ ಕಿತ್ತಳೆ ಬಣ್ಣದ ಮೇಯೋ ಗೆರೆ ಗೆರೆ. ಅಪ್ಪಯ್ಯ ಅದನ್ನ ನೋಡಿದ್ರು, ನನ್ನನ್ನ ನೋಡಿದ್ರು, "ಪಾರ್ಸಲ್ ಮಾಡ್ಸು" ಅಂದ್ರು.

ಬಿಲ್ಲು 9,771. ನಮ್ಮನೆಯವರು ಕಾರ್ಡ್ ತೆಗೆದೇ ಬಿಟ್ಟಿದ್ರು, ಅಪ್ಪಯ್ಯ ಕೈ ಚಾಚಿ ಬಿಲ್ ಇಸ್ಕೊಂಡ್ರು. ಗಲ್ಲಾ ಮೇಲೆ ಕೂತಿದ್ದ ಮನುಷ್ಯ, ಮೆನು ಕಾಣದ ಕಣ್ಣಿಗೆ ಬಿಲ್ಲು ಅದೆಷ್ಟು ಸ್ಪಷ್ಟ ಕಾಣ್ತೋ! ಅರ್ಧ ನಿಮಿಷ ಅಷ್ಟೇ. "ಬಾಟ್ಲಿ ಆರು ಹಾಕಿದ್ರ್, ಟೇಬಲ್ ಮೇಲೆ ನಾಲ್ಕೇ ಇಪ್ಪುದ್. ಅಣಬೆ ಬರ್ಲಿಲ್ಲ, ದುಡ್ಡು ಬಂತು." ತೊಂಬತ್ತು ರೂಪಾಯಿ ಬಾಟ್ಲಿ ಎರಡು, 180. ಮಶ್ರೂಮ್ 395. ಅದರ ಕೆಳಗೆ ನನ್ನ ಕಣ್ಣಿಗೆ ಬಿದ್ದಿದ್ದು ಸರ್ವಿಸ್ ಚಾರ್ಜು ಹತ್ತು ಪರ್ಸೆಂಟು, 846 ರೂಪಾಯಿ. ಯಾವ ಸರ್ವಿಸ್ಸಿಗೆ? ಅದರ ಮೇಲೂ ಐದು ಪರ್ಸೆಂಟ್ ಜಿಎಸ್‌ಟಿ!

ಇಲ್ಲಿ ನಾನು ಬಿಡಲಿಲ್ಲ. ಮ್ಯಾನೇಜರ್‌ನ ಕರೆಸಿದೆ. "ಇಟ್ಸ್ ಅವರ್ ಪಾಲಿಸಿ ಮ್ಯಾಮ್" ಅಂದ. ನಿಮಗೂ ಹಿಂಗೆ ಅಂದ್ರೆ ತಿಳ್ಕೊಂಡಿರಿ, ಸರ್ವಿಸ್ ಚಾರ್ಜ್ ಅನ್ನೋದು ಟ್ಯಾಕ್ಸ್ ಅಲ್ಲ, ಸರ್ಕಾರಕ್ಕೆ ಹೋಗಲ್ಲ. ಹೋಟ್ಲವರು ತಾವಾಗೇ ಬಿಲ್ಲಿಗೆ ಸೇರಿಸೋ ಹಾಗಿಲ್ಲ, ಬೇರೆ ಹೆಸರಲ್ಲಿ ಹಾಕೋ ಹಾಗೂ ಇಲ್ಲ ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ತಂದಿದೆ, ಹೋಟ್ಲವರ ಸಂಘಗಳು ಕೋರ್ಟಿಗೆ ಹೋದ್ವು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಆ ಮಾರ್ಗಸೂಚಿನೇ ಸರಿ ಅಂತು. ತೆಗೆಯಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನಾನು ಇಷ್ಟೆಲ್ಲ ಭಾಷಣ ಬಿಗೀಬೇಕಾಗಿ ಬರಲಿಲ್ಲ, ಫೋನ್ ತೆಗೆದು 1915 ಒತ್ತಿ ಟೇಬಲ್ ಮೇಲೆ ಇಟ್ಟೆ, ಕಾಲ್ ಬಟನ್ ಒತ್ತಿರಲಿಲ್ಲ, ಹತ್ತು ನಿಮಿಷಕ್ಕೆ ಹೊಸ ಬಿಲ್ ಬಂತು, 8,279. ಇಡೀ ರಾತ್ರೀಲಿ ಬೇಗ ಬಂದ ಐಟಂ ಅದೊಂದೇ. ಜೊತೆಗೆ ಕಾಂಪ್ಲಿಮೆಂಟರಿ ಅಂತ ಒಂದು ಪ್ಲೇಟು ಜಾಮೂನು. ಒಂಬತ್ತು ಜನಕ್ಕೆ ಒಂದು ಪ್ಲೇಟು, ಪ್ಲೇಟಲ್ಲಿ ಎರಡು ಜಾಮೂನು. ಚಿಕ್ಕಮ್ಮ ಒಂದು ತಿಂದ್ರು, ಇನ್ನೊಂದನ್ನ ನಾವು ಎಂಟು ಜನ ನೋಡಿದ್ವಿ.

ಎದ್ದು ಹೊರಡೋವಾಗ ಅಪ್ಪಯ್ಯ ಹಿಂದೆ ಉಳ್ಕೊಂಡ್ರು. ತಿರುಗಿ ನೋಡಿದ್ರೆ ಆ ಬಾಲೇಶ್ವರದ ಹುಡುಗನ ಕೈ ಹಿಡ್ಕೊಂಡು ಏನೋ ಹೇಳ್ತಿದಾರೆ, ಜೇಬಿಂದ ಇನ್ನೂರರ ನೋಟು ಮಡಚಿ ಅವನ ಅಂಗೈಯೊಳಗೆ ಇಟ್ಟು ಮುಷ್ಟಿ ಮುಚ್ಚಿಸಿದ್ರು. ನನಗೆ ಉರಿದು ಹೋಯ್ತು. 846 ಉಳಿಸೋಕೆ ನಾನು ಅಷ್ಟು ಕಿತ್ತಾಡಿದೀನಿ, ಇವರು ಟಿಪ್ಸ್ ಕೊಡ್ತಿದಾರೆ. ಮೆಟ್ಲಿಳೀವಾಗ ಕೇಳಿದೆ, ಯಾಕೆ ಅಂತ. "ಬಿಲ್ಲಂಗೆ ಹಾಕಿದ್ದ್ ಅವ್ನ ಕೈಗೆ ಹೋತಿಲ್ಲ ಮಗಾ" ಅಂದ್ರು. ಏನು ಹೇಳಿದ್ರಿ ಅವನಿಗೆ ಅಂದ್ರೆ, ಕೇಕ್ ಮಾತ್ರ ನೋಡ್ಕೊಂಡು ಕೊಡು, ಉಳಿದಿದ್ದೆಲ್ಲ ಕಲೀತೀಯ ಅಂದ್ರಂತೆ. ಅಪ್ಪಯ್ಯ ಆ ಹುಡುಗನ್ನ ಬಿಟ್ಟುಬಿಟ್ರು, ಹುಡುಗನ್ನ ನಾನೂ ಬಿಟ್ಟೆ. ಕಪ್ಪು ಶರ್ಟನ್ನ ಬಿಡಲ್ಲ. ಒಂಬತ್ತು ಟೇಬಲ್‌ಗೆ ಹನ್ನೆರಡು ದಿನದ ಹುಡುಗನ್ನ ನಿಲ್ಲಿಸಿ, ಬಾಗಿಲಲ್ಲಿ ಕೈ ಮುಗಿದು ಹತ್ತನೇ ಟೇಬಲ್‌ನ ಕರೆಯೋನು ಅವನು.

ಅಮ್ಮನ್ನ ಹದಿನೆಂಟು ಮೆಟ್ಲು ಇಳಿಸಿ ಮನೆ ಸೇರೋ ಹೊತ್ತಿಗೆ ಹನ್ನೊಂದೂವರೆ. ಮೂರು ಜನ ನೆಟ್ಟಗೆ ಊಟ ಮಾಡಿರಲಿಲ್ಲ, ಅವಲಕ್ಕಿಗೆ ಮೊಸರು ಹಾಕ್ಕೊಂಡು ತಿಂದು ಮಲಗಿದ್ವಿ. ವಿದ್ಯಾರ್ಥಿ ಭವನ ಅಂತ ಯಾರೂ ಬಾಯಿ ಬಿಡಲಿಲ್ಲ, ತಮ್ಮ ಒಂದು ಸಲ ನನ್ನ ಕಡೆ ನೋಡಿದ ಅಷ್ಟೇ.

ಬೆಳಿಗ್ಗೆ ಆರೂವರೆಗೆ ಅಡುಗೆಮನೇಲಿ ನೀರಿನ ಸದ್ದು. ಎದ್ದು ಹೋಗಿ ನೋಡಿದ್ರೆ ಅಪ್ಪಯ್ಯ ಸಿಂಕ್ ಹತ್ರ ನಿಂತ್ಕೊಂಡು ಪಾರ್ಸಲ್ ಡಬ್ಬಿಯ ಪತ್ರೊಡೆನ ಒಂದೊಂದೇ ತುಂಡು ನಲ್ಲಿ ಕೆಳಗೆ ಹಿಡಿದು, ಬೆರಳಲ್ಲಿ ಉಜ್ಜಿ, ಮೇಯೋ ತೊಳೀತಿದಾರೆ. ತೊಳೆದು, ಬಟ್ಟೆ ಮೇಲೆ ಒತ್ತಿ ನೀರು ತೆಗೆದು, ಬಾಣಲೆಗೆ ತೆಂಗಿನೆಣ್ಣೆ ಬಿಟ್ಟು ಸಾಸಿವೆ, ಕರಿಬೇವು ಹಾಕಿ, ಎರಡೂ ಕಡೆ ಕೆಂಪಗೆ ಕಾಯಿಸಿದ್ರು. ನನಗೆ ಒಂದು ತುಂಡು ಕೊಟ್ಟು, ತಾವೊಂದು ಬಾಯಿಗೆ ಹಾಕ್ಕೊಂಡು, ಒಂದು ನಿಮಿಷ ಅಗಿದು,

"ಒಳಗಿದ್ದ ಭಟ್ರ್ ನಮ್ಮ ಬದಿಯವ್ರೇ ಕಾಣ್," ಅಂದ್ರು. "ಹುಳಿ ಸಮಾ ಬಿದ್ದಿತ್."